ಎಸ್65 ವಿ8 ತಪಾಸಣೆ: ಕಂಪ್ರೆಷನ್ ಸರಿಯಿದೆ, ಫಿಲ್ಟರ್‌ನಲ್ಲಿ ತಾಮ್ರವಿದೆ

ಗಾಡಿ: ಬಿಎಂಡಬ್ಲ್ಯು ಎಂ3 ಇ92, 2008ರ ಮಾಡೆಲ್, ಓಡಿದ್ದು 94,000 ಕಿ.ಮೀ. ಎಂಜಿನ್: ಎಸ್65, 3,999 ಸಿಸಿ ವಿ8, 12:1 ಕಂಪ್ರೆಷನ್, 8,300 ಆರ್‌ಪಿಎಂಗೆ 420 ಪಿಎಸ್. ಕೈಬದಲಾಗಿ ಬಂದ ಗಾಡಿ. ವಾರ್ನಿಂಗ್ ಲೈಟ್ ಇಲ್ಲ, ಐಡ್ಲಿಂಗ್ ಸಮವಾಗಿದೆ, ಕೆಳಗಿನಿಂದ ಬಡಿತವೂ ಇಲ್ಲ. ಆದರೆ ಈ ಎಂಜಿನ್‌ನಲ್ಲಿ ಕಾನ್‌ರಾಡ್ (ಪಿಸ್ಟನ್ ಮತ್ತು ಕ್ರ್ಯಾಂಕ್ ದಂಡವನ್ನು ಜೋಡಿಸುವ ತೋಳು) ಬೇರಿಂಗ್ ಸದ್ದಿಲ್ಲದೆ ಸವೆಯುತ್ತದೆ. ಬಡಿತ ಕಿವಿಗೆ ಬೀಳುವ ಹೊತ್ತಿಗೆ ಬಹುತೇಕ ಕ್ರ್ಯಾಂಕ್‌ಗೂ ಏಟು ಬಿದ್ದಿರುತ್ತದೆ. ಅದಕ್ಕೇ ಸದ್ದಿಗೆ ಕಾಯದೆ ಕೆಲಸ ಶುರು.

ಕಂಪ್ರೆಷನ್, ಲೀಕ್‌ಡೌನ್

ಎಂಜಿನ್ ಬಿಸಿ ಮಾಡಿ, ಎಂಟೂ ಪ್ಲಗ್ ಬಿಚ್ಚಿ, ಇಂಜೆಕ್ಟರ್ ಬಂದ್ ಮಾಡಿ, ಬ್ಯಾಟರಿಗೆ ಚಾರ್ಜರ್ ಹಾಕಿ, ಥ್ರಾಟಲ್ ಪೂರ್ತಿ ತೆರೆದು ಅಳತೆ. ಥ್ರಾಟಲ್ ಮುಚ್ಚಿದ್ದರೆ ಗಾಳಿ ಸಾಲದೆ ಎಲ್ಲ ಸಿಲಿಂಡರ್‌ಗಳೂ ಸುಳ್ಳು ರೀಡಿಂಗ್ ಕೊಡುತ್ತವೆ. ಸಿಕ್ಕಿದ್ದು 13.1ರಿಂದ 13.7 ಬಾರ್. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ 10 ಶೇಕಡಾದೊಳಗೆ ಇರಬೇಕು; ಇಲ್ಲಿ 5ರೊಳಗೇ ಇದೆ. 7 ಬಾರ್ ಗಾಳಿ ಕೊಟ್ಟು ನೋಡಿದ ಲೀಕ್‌ಡೌನ್ (ಸಿಲಿಂಡರ್‌ನಿಂದ ಸೋರುವ ಗಾಳಿಯ ಪಾಲು) 4ರಿಂದ 7 ಶೇಕಡಾ. ಸೋರಿದ ಅಷ್ಟಿಷ್ಟು ಗಾಳಿ ಆಯಿಲ್ ಫಿಲ್ಲರ್ ಬಾಯಲ್ಲೇ ಕೇಳಿಸಿತು, ಅಂದರೆ ರಿಂಗ್ ಪಕ್ಕದ ಸಹಜ ಸೋರಿಕೆ. ಇನ್‌ಟೇಕ್, ಎಕ್ಸಾಸ್ಟ್ ಕಡೆ ಮೌನ. ಕೂಲೆಂಟ್‌ನಲ್ಲಿ ಗುಳ್ಳೆ ಇಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡುವವರು ಬಹಳಷ್ಟು ಸಲ ಎಡವುವುದು ಇಲ್ಲೇ. ಈ ಎರಡು ಪರೀಕ್ಷೆ ಹೇಳುವುದು ರಿಂಗ್, ವಾಲ್ವ್, ಹೆಡ್ ಗ್ಯಾಸ್ಕೆಟ್ ವಿಷಯ ಮಾತ್ರ. ಬೇರಿಂಗ್ ಬಗ್ಗೆ ಇವು ಒಂದಕ್ಷರವೂ ಹೇಳುವುದಿಲ್ಲ.

ಬೋರೋಸ್ಕೋಪ್

ಪ್ಲಗ್ ತೂತಿನಿಂದ ಪಕ್ಕಕ್ಕೆ ನೋಡುವ ಕ್ಯಾಮೆರಾ, ಪಿಸ್ಟನ್ ಪೂರ್ತಿ ಕೆಳಗಿಟ್ಟು. ಈ ಬ್ಲಾಕ್‌ನಲ್ಲಿ ಲೈನರ್ (ಸಿಲಿಂಡರ್ ಒಳಗೆ ಕೂರಿಸುವ ಬೇರೆ ಕೊಳವೆ) ಇಲ್ಲ. ಸಿಲಿಕಾನ್ ಬೆರೆತ ಅಲ್ಯುಮಿನಿಯಂನಲ್ಲೇ ಬೋರ್, ಅಂದರೆ ಸಿಲಿಂಡರ್‌ನ ಒಳಗೋಡೆ. ಬೀಡು ಕಬ್ಬಿಣದ ಬೋರ್‌ನಂತೆ ಅಡ್ಡಡ್ಡ ಹೋನಿಂಗ್ ಗೆರೆ ಕಾಣದಿದ್ದರೆ ಗಾಬರಿ ಬೇಡ, ಮಂಕಾದ ಬೂದು ಮೇಲ್ಮೈಯೇ ಸರಿ. ಹುಡುಕಬೇಕಾದದ್ದು ಮೇಲಿಂದ ಕೆಳಗಿಳಿಯುವ ಗೀರು, ಮತ್ತು ಪಿಸ್ಟನ್ ತಲೆಯ ಮೇಲೆ ಅರ್ಧಚಂದ್ರದ ಗುರುತು. ಆ ಗುರುತು ಇದ್ದರೆ ಯಾರೋ ತಪ್ಪಾಗಿ ಚಿಕ್ಕ ಗೇರ್‌ಗೆ ಹಾಕಿ, ಎಂಜಿನ್ ಮಿತಿಮೀರಿ ತಿರುಗಿ, ವಾಲ್ವ್ ಪಿಸ್ಟನ್‌ಗೆ ತಾಗಿದೆ ಎಂದರ್ಥ. ಎರಡೂ ಇಲ್ಲ.

ಆಯಿಲ್, ಫಿಲ್ಟರ್

ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) ಎರಡು ಡ್ರೈನ್ ಪ್ಲಗ್. ಎರಡನ್ನೂ ಬಿಚ್ಚಬೇಕು, ಇಲ್ಲದಿದ್ದರೆ ಕಸದ ಒಂದು ಪಾಲು ಒಳಗೇ ಉಳಿಯುತ್ತದೆ. ಫಿಲ್ಟರ್ ಕಾಗದದ ಕಾರ್ಟ್ರಿಡ್ಜ್ ಆದ್ದರಿಂದ ಡಬ್ಬಿ ಕೊಯ್ಯುವ ಕೆಲಸವಿಲ್ಲ. ಮಡಿಕೆಗಳನ್ನು ಬ್ಲೇಡಿನಿಂದ ಬಿಡಿಸಿ, ಬಟ್ಟೆಯಲ್ಲಿ ಸುತ್ತಿ, ವೈಸ್‌ನಲ್ಲಿ ಹಿಂಡಿ, ಬಿಸಿಲಲ್ಲಿ ಹರಡಿ ನೋಡಬೇಕು. ನೆರಳಲ್ಲಿ ಏನೂ ಕಾಣುವುದಿಲ್ಲ.

ಸಿಕ್ಕಿದ್ದು ಹನ್ನೆರಡು ಹದಿಮೂರು ಹಾಳೆಯಂಥ ಚೂರು, ದೊಡ್ಡದು ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಕಡಿಮೆ. ಮ್ಯಾಗ್ನೆಟ್‌ಗೆ ಒಂದೂ ಅಂಟಲಿಲ್ಲ, ಹಾಗಾಗಿ ಚೈನ್ ಅಥವಾ ಕ್ರ್ಯಾಂಕ್‌ನ ಉಕ್ಕಲ್ಲ. ನೀರಿನಲ್ಲಿ ಕರಗಿಸಿದ ಕಾಸ್ಟಿಕ್ ಸೋಡಾದಲ್ಲಿ ಹಾಕಿದಾಗ ಗುಳ್ಳೆ ಏಳಲಿಲ್ಲ, ಆದ್ದರಿಂದ ಅಲ್ಯುಮಿನಿಯಂ ಅಲ್ಲ. (ಕೈಗವಸು, ಕನ್ನಡಕ ಕಡ್ಡಾಯ, ಗಾಳಿಯಾಡುವ ಜಾಗವಿರಲಿ, ಅಲ್ಯುಮಿನಿಯಂ ಇದ್ದರೆ ಹೈಡ್ರೋಜನ್ ಬರುತ್ತದೆ.) ಒಂದು ಮಗ್ಗುಲು ಬೂದು, ಇನ್ನೊಂದು ಮಗ್ಗುಲು ತಾಮ್ರದ ಕೆಂಪು. ಈ ವರ್ಷದ ಶೆಲ್‌ಗಳು (ಕಾನ್‌ರಾಡ್ ಬೇರಿಂಗ್‌ನ ಅರ್ಧವೃತ್ತದ ತಗಡುಗಳು, ಮೇಲೊಂದು ಕೆಳಗೊಂದು) ಸೀಸ-ತಾಮ್ರದವು. ಮೇಲ್ಪದರ ಕಿತ್ತರೆ ಬರುವುದು ಇದೇ ಬಣ್ಣ. ಮುಂದಿನ ವರ್ಷಗಳ ಶೆಲ್ ತವರ-ಅಲ್ಯುಮಿನಿಯಂ ಮಿಶ್ರಣದ್ದು. ಅಂಥ ಎಂಜಿನ್‌ನ ಲ್ಯಾಬ್ ವರದಿಯಲ್ಲಿ ಸೀಸ ಇಲ್ಲವೆಂದು ನೆಮ್ಮದಿಪಡಬಾರದು.

ಸಂಪ್ ಇಳಿಸಿದ ಮೇಲೆ

ಎಂಜಿನ್ ಅನ್ನು ಮೇಲಿನಿಂದ ಬೀಮ್‌ಗೆ ತೂಗುಹಾಕಿ, ಮುಂದಿನ ಸಬ್‌ಫ್ರೇಮ್ ಇಳಿಸಿದರೆ ಮಾತ್ರ ಸಂಪ್ ಹೊರಬರುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್ ಬೇಕೇ ಬೇಕು.

ಇದರ ಕಾನ್‌ರಾಡ್‌ಗಳು ಸೀಳಿ ಮಾಡಿದವು: ಕ್ಯಾಪ್ (ಬೇರಿಂಗ್ ಹಿಡಿಯುವ ಕೆಳಗಿನ ಅರ್ಧ) ಮತ್ತು ರಾಡ್ ಮೊದಲು ಒಂದೇ ತುಂಡಾಗಿದ್ದು ಆಮೇಲೆ ಮುರಿದವು, ಮುರಿದ ಅಂಚಿನ ಒರಟೇ ಅವೆರಡನ್ನು ಕೂರಿಸುತ್ತದೆ. ಕ್ಯಾಪ್ ಅದಲುಬದಲಾದರೆ, ತಿರುಗಿಸಿ ಹಾಕಿದರೆ ಅಥವಾ ಆ ಅಂಚನ್ನು ಉಜ್ಜಿ ಶುಚಿ ಮಾಡಿದರೆ ಆ ರಾಡ್ ಕೆಟ್ಟ ಹಾಗೆಯೇ. ಒಂದು ಸಲಕ್ಕೆ ಒಂದೇ ಕ್ಯಾಪ್, ತೆಗೆದ ಕೂಡಲೇ ನಂಬರ್.

16 ಶೆಲ್‌ಗಳನ್ನು ಸಾಲಾಗಿ ಇಟ್ಟಾಗ ಚಿತ್ರ ಸ್ಪಷ್ಟ. ಕೆಳಗಿನ ಎಂಟರಲ್ಲಿ ಬರೀ ಹೊಳಪು. ಮೇಲಿನ ಎಂಟರಲ್ಲೂ ಸವೆತ. 2 ಮತ್ತು 6ನೇ ಸಿಲಿಂಡರ್‌ನವುಗಳಲ್ಲಿ ತಾಮ್ರ ಹೊರಬಂದಿದೆ. ಸ್ಫೋಟದ ಒತ್ತಡ ನೇರವಾಗಿ ಬೀಳುವುದು ಮೇಲಿನ ಶೆಲ್ ಮೇಲೆಯೇ. 2 ಮತ್ತು 6 ಒಂದೇ ಕ್ರ್ಯಾಂಕ್‌ಪಿನ್ (ಕ್ರ್ಯಾಂಕ್‌ನಲ್ಲಿ ರಾಡ್ ಕೂರುವ ದುಂಡು ಭಾಗ) ಹಂಚಿಕೊಂಡಿವೆ, ಆದ್ದರಿಂದ ಆ ಪಿನ್ ಮೇಲೆ ಹೆಚ್ಚು ಹೊತ್ತು ಕಳೆದದ್ದು. ಮೈಕ್ರೋಮೀಟರ್‌ನಲ್ಲಿ ಪ್ರತಿ ರಾಡ್‌ನ ಜಾಗಕ್ಕೆ ಎರಡೆರಡು ಕಡೆ, 90 ಡಿಗ್ರಿ ತಿರುಗಿಸಿ ಮತ್ತೆ: 52 ಮಿ.ಮೀ. ಪಿನ್‌ನಲ್ಲಿ ದುಂಡುತನದ ವ್ಯತ್ಯಾಸ 0.005 ಮಿ.ಮೀ. ಮೀರಿಲ್ಲ. ಉಗುರು ಎಳೆದರೆ ಎಲ್ಲೂ ಸಿಕ್ಕುವುದಿಲ್ಲ. ಕ್ರ್ಯಾಂಕ್ ಉಳಿದಿದೆ.

ಸವೆತಕ್ಕೆ ಕಾರಣ ಹುಡುಕುವವರು ಮೊದಲು ನೋಡುವುದು ಕ್ಲಿಯರೆನ್ಸ್, ಅಂದರೆ ಶೆಲ್ ಮತ್ತು ಪಿನ್ ನಡುವಿನ ಸಂದಿ. ಇಷ್ಟು ದಪ್ಪದ ಪಿನ್‌ಗೆ ಎಂಜಿನ್ ಕಟ್ಟುವವರ ವಾಡಿಕೆ ಲೆಕ್ಕ ಸುಮಾರು 0.05 ಮಿ.ಮೀ.; ಇದರಲ್ಲಿ ಇರುವುದು 0.03ರ ಆಸುಪಾಸು. ಆಯಿಲ್ ನೋಡಿದರೆ 10ಡಬ್ಲ್ಯು-60, ತಣ್ಣಗಿದ್ದಾಗ ಜೇನಿನ ಹಾಗೆ. ಅದು ಬಿಸಿಯಾಗುವ ಮೊದಲೇ ಎಂಜಿನ್ ಎಳೆದರೆ ಆ ಸಂದಿಗೆ ಬೇಕಾದಷ್ಟು ಆಯಿಲ್ ಹರಿಯುವುದಿಲ್ಲ. ಟ್ಯಾಕೋಮೀಟರ್‌ನ ಹಳದಿ ದೀಪಗಳು ಬಿಸಿಯೇರಿದಂತೆ ಒಂದೊಂದಾಗಿ ಆರುವುದು ಇದನ್ನೇ ನೆನಪಿಸಲು.

ಬಾಕಿ ಕೆಲಸ

ಹೊಸ ಶೆಲ್ 16, ಹೊಸ ರಾಡ್ ಬೋಲ್ಟ್ 16 (ಎಳೆದು ಬಿಗಿಸುವ ಬೋಲ್ಟ್, ಮತ್ತೆ ಬಳಸುವಂತಿಲ್ಲ). ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಸಂದಿಯ ಅಳತೆ ತೋರುವ ಪ್ಲಾಸ್ಟಿಕ್ ಎಳೆ) ಇಟ್ಟು ಕ್ಲಿಯರೆನ್ಸ್ ಅಳೆಯುವಾಗ ಹಳೇ ಬೋಲ್ಟ್ ಸಾಕು. ಆದರೆ ಆಯಿಲ್ ಒರೆಸಿರಬೇಕು, ಕ್ರ್ಯಾಂಕ್ ಕದಲಬಾರದು. ಆಯಿಲ್ ಕೂಲರ್ ಬದಲಾಯಿಸುವುದೇ ಲೇಸು. ಅದರ ಸಣ್ಣ ದಾರಿಗಳಲ್ಲಿ ಕೂತ ಚೂರನ್ನು ತೊಳೆದು ಪೂರ್ತಿ ತೆಗೆಯಲಾಗದು, ಮತ್ತೊಂದು ದಿನ ಅದು ಹೊಸ ಶೆಲ್‌ಗೇ ಬರುತ್ತದೆ. ಕಟ್ಟಿದ ಮೇಲೆ 8.8 ಲೀಟರ್ ಆಯಿಲ್, ಇಂಜೆಕ್ಟರ್ ಬಂದ್ ಮಾಡಿ ಒತ್ತಡ ಬರುವವರೆಗೆ ಸ್ಟಾರ್ಟರ್‌ನಲ್ಲೇ ತಿರುಗಿಸುವುದು, 100 ಕಿ.ಮೀ. ಓಡಿಸಿ ಫಿಲ್ಟರ್ ಮತ್ತೆ ಬಿಡಿಸಿ ನೋಡುವುದು.