ಬಿ.ಕಾಂ. ಮುಗಿಸಿದವರಿಗೆ ಮುಂಬಯಿಯಲ್ಲಿ ಈಗಲೂ ಕೆಲಸವಿದೆಯೇ?

ಊರಿಗೆ ಹೋದಾಗ, ಅದರಲ್ಲಿಯೂ ಮದುವೆ-ಮುಂಜಿಯ ಊಟದ ಪಂಕ್ತಿಯಲ್ಲಿ, ನನಗೆ ತಪ್ಪದೆ ಎದುರಾಗುವ ಪ್ರಶ್ನೆ ಇದು: “ನಮ್ಮ ಹುಡುಗನ ಬಿ.ಕಾಂ. ಮುಗಿಯಿತು, ಮುಂಬಯಿಯಲ್ಲಿ ಎಲ್ಲಾದರೂ ಒಂದು ಕೆಲಸ ನೋಡಬಹುದಾ ಮಾರಾಯ್ರೆ?” ಕೆಲಸವೇನೋ ಇದೆ, ಆದರೆ ಕೇಳುವವರ ಮನಸ್ಸಿನಲ್ಲಿರುವ ಕೆಲಸ ಈಗ ಇಲ್ಲ.

ಅವರ ಮನಸ್ಸಿನಲ್ಲಿರುವುದು ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಟೈಪಿಂಗ್ ಕಲಿತು, ಕೊನೆಗೆ ಬ್ಯಾಂಕಿನಲ್ಲೋ ಕಂಪನಿಯಲ್ಲೋ ಗುಮಾಸ್ತರಾಗಿ ನಿವೃತ್ತರಾದ ಹಿರಿಯರ ಮುಂಬಯಿ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದ ಬಳಿಕ ಪರೇಲ್, ಲಾಲ್‌ಬಾಗ್‌ಗಳ ಬಟ್ಟೆ ಗಿರಣಿಗಳು ಚೇತರಿಸಿಕೊಳ್ಳಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಗುಮಾಸ್ತಗಿರಿ ಕರಗಿದ್ದು ಮಾತ್ರ ಸದ್ದಿಲ್ಲದೆ.

ಷೇರುಪೇಟೆಯನ್ನೇ ನೋಡಿ. ಷೇರು ಎಂದರೆ ಕಾಗದವಾಗಿದ್ದ ಕಾಲದಲ್ಲಿ ಒಂದು ಮಾರಾಟ ಮುಗಿಯಬೇಕಾದರೆ ವರ್ಗಾವಣೆ ಪತ್ರಕ್ಕೆ ಸ್ಟ್ಯಾಂಪು ಅಂಟಿಸುವವರು, ಸಹಿ ತಾಳೆ ನೋಡುವವರು, ಪತ್ರಗಳ ಕಟ್ಟನ್ನು ದಲಾಲರ ಕಚೇರಿಯಿಂದ ಕಂಪನಿಗೆ ಮುಟ್ಟಿಸುವವರು, ಸಹಿ ಹೊಂದದೆ ‘ಬ್ಯಾಡ್ ಡೆಲಿವರಿ’ ಎಂದು ಮರಳಿದ್ದನ್ನು ಸರಿಪಡಿಸುವವರು, ಹೀಗೆ ಎಷ್ಟೋ ಕೈಗಳು ಬೇಕಾಗಿದ್ದವು. 1995ರಲ್ಲಿ ದಲಾಲ್ ಸ್ಟ್ರೀಟಿನ ಮುಂಬಯಿ ಷೇರುಪೇಟೆಯ ಕೂಗು ವ್ಯಾಪಾರ ಕಂಪ್ಯೂಟರಿಗೆ ಬಂತು. ಮರುವರ್ಷ ಎನ್‌ಎಸ್‌ಡಿಎಲ್ ಎಂಬ ಸಂಸ್ಥೆಯ ಮೂಲಕ ಡಿಮ್ಯಾಟ್, ಅಂದರೆ ಷೇರುಗಳನ್ನು ಕಾಗದದ ಬದಲು ಕಂಪ್ಯೂಟರ್ ಖಾತೆಯಲ್ಲಿ ಇಡುವ ಪದ್ಧತಿ, ಶುರುವಾಯಿತು. 2023ರ ಜನವರಿಯಿಂದಂತೂ ಎಲ್ಲ ಷೇರುಗಳ ಲೆಕ್ಕ ವ್ಯವಹಾರದ ಮರುದಿನವೇ ಚುಕ್ತಾ. ವ್ಯಾಪಾರ ಹಲವು ಪಟ್ಟು ಬೆಳೆದರೂ ಆ ಕೈಗಳಿಗೆ ಕೆಲಸ ಮರಳಲಿಲ್ಲ.

ಬ್ಯಾಂಕುಗಳದ್ದೂ ಅದೇ ಪಾಡು. ಕರಾವಳಿಯವರು ‘ನಮ್ಮದು’ ಎನ್ನುತ್ತಿದ್ದ ವಿಜಯಾ ಬ್ಯಾಂಕ್ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿ ವಿಲೀನಗೊಂಡವು. ಸರಕಾರಿ ಬ್ಯಾಂಕಿನ ಗುಮಾಸ್ತಗಿರಿಗೆ ಈಗ ಬ್ಯಾಂಕುಗಳ ಪರವಾಗಿ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಅಥವಾ ಸ್ಟೇಟ್ ಬ್ಯಾಂಕಿನ ಪರೀಕ್ಷೆ ಬರೆಯಬೇಕು. ನನ್ನಂಥವರ ಶಿಫಾರಸು ಅಲ್ಲಿ ನಡೆಯುವುದಿಲ್ಲ. (ನಡೆಯದಿರುವುದೇ ಒಳ್ಳೆಯದು.)

ಹಾಗಾದರೆ ಇರುವ ಕೆಲಸ ಯಾವುದು? ದೊಡ್ಡ ಕಚೇರಿಗಳು ನಾರಿಮನ್ ಪಾಯಿಂಟ್‌ನಿಂದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ ಸರಿದರೆ, ಅವುಗಳ ಬ್ಯಾಕ್ ಆಫೀಸುಗಳು (ತೆರೆಮರೆಯ ಲೆಕ್ಕಪತ್ರದ ಕಚೇರಿಗಳು) ಮಲಾಡ್, ಗೋರೆಗಾಂವ್, ಐರೋಲಿಗಳ ಕಡೆ ಬೆಳೆದಿವೆ. ಕೆವೈಸಿ (ಗ್ರಾಹಕರ ಗುರುತಿನ ದಾಖಲೆ) ಪರಿಶೀಲನೆ, ಖಾತೆಗಳ ತಾಳೆ, ಜಿಎಸ್‌ಟಿ ರಿಟರ್ನ್ಸ್, ಮ್ಯೂಚುವಲ್ ಫಂಡ್ ಗ್ರಾಹಕಸೇವೆ, ಇವು ಬಿ.ಕಾಂ. ಪದವೀಧರರಿಗೆ ದಕ್ಕುವಂಥವು. ಆದರೆ ಇವುಗಳಲ್ಲಿ ಹಲವು ಗುತ್ತಿಗೆಯ ಕೆಲಸಗಳು. ಸಂಬಳ ಕೊಡುವುದು ಬ್ಯಾಂಕಲ್ಲ, ನಡುವಿನ ಏಜೆನ್ಸಿ. ಆಫರ್ ಲೆಟರಿನ ‘ಸಿಟಿಸಿ’ಯಲ್ಲಿ, ಅಂದರೆ ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚಿನಲ್ಲಿ, ಪಿಎಫ್‌ಗೆ ಮಾಲೀಕರು ಕಟ್ಟುವ ಪಾಲೂ ಸೇರಿರುತ್ತದೆಯಾದ್ದರಿಂದ, ಕೈಗೆ ಬರುವ ಹಣವನ್ನು ಬೇರೆಯಾಗಿ ಕೇಳಿ, ಕೋಣೆ ಬಾಡಿಗೆ, ಡಿಪಾಸಿಟ್, ಲೋಕಲ್ ಪಾಸ್ ಎಲ್ಲವನ್ನೂ ಕಳೆದು ನೋಡಬೇಕು. ಕಾಂದಿವಲಿಯಲ್ಲೋ ಡೊಂಬಿವಲಿಯಲ್ಲೋ ಚಿಕ್ಕಪ್ಪನ ಮನೆ ಇದ್ದವನಿಗೂ ಇಲ್ಲದವನಿಗೂ ಅದೇ ಸಂಬಳ ಎರಡು ಬೇರೆ ಸಂಬಳಗಳು.

ಆದ್ದರಿಂದ ಕೇಳಿದವರಿಗೆ ನಾನು ಹೇಳುವುದು ಇಷ್ಟೇ: ಹುಡುಗ ಊರಿನಲ್ಲಿದ್ದಾಗಲೇ ಎಕ್ಸೆಲ್ ಮತ್ತು ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಚೆನ್ನಾಗಿ ಕಲಿಯಲಿ, ಷೇರುಪೇಟೆಯ ನಿಯಂತ್ರಕ ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ಎಂಬ ತರಬೇತಿ ಸಂಸ್ಥೆಯ ಒಂದಾದರೂ ಪರೀಕ್ಷೆ ಪಾಸು ಮಾಡಲಿ, ಹಿಂದಿಯಲ್ಲಿ ಫೋನಿನಲ್ಲಿ ತಡವರಿಸದೆ ಮಾತನಾಡಲಿ. ಕೆಲಸ ಕೊಡಿಸಲು ಮುಂಗಡ ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ಇಷ್ಟಾದ ಮೇಲೆ ಬಯೊಡೇಟಾ ಕಳುಹಿಸಿದರೆ ಅದನ್ನು ಸರಿಯಾದವರಿಗೆ ತಲುಪಿಸುವುದು ನನ್ನ ಜವಾಬ್ದಾರಿ.