ಆ ಡ್ರಮ್ ಸದ್ದು

ಇವತ್ತು ಮಲ್ಲೇಶ್ವರದಲ್ಲಿ ಕಾಫಿ ಕುಡೀತಾ ಮತ್ತೆ ಅದೇ ವಾದ: ಡಿಸ್ನಿ ಸ್ಟಾರ್ ವಾರ್ಸನ್ನ ಹಾಳು ಮಾಡ್ತಾ?
ಕಥೆ ವಿಷಯ ಬಿಡಿ, ಮುಗಿಯೋ ಜಗಳ ಅಲ್ಲ.

ಸಿನಿಮಾ ಶುರುವಿನಲ್ಲಿ ಫಾಕ್ಸ್ ಸ್ಟುಡಿಯೋ ಲೋಗೋ ಜೊತೆ ಬರೋ ಡ್ರಮ್-ಕಹಳೆ ಸಂಗೀತ, ಅಂದ್ರೆ ಫಾಕ್ಸ್ ಫ್ಯಾನ್‌ಫೇರ್ ಕೇಳಿ.
2012ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗೆ ಸ್ಟಾರ್ ವಾರ್ಸ್ ತಯಾರಿಸೋ ಲ್ಯೂಕಾಸ್‌ಫಿಲ್ಮ್ ಕಂಪನಿಯನ್ನ ಕೊಂಡಿತು. ಆದರೆ 1977ರ ಮೊದಲ ಚಿತ್ರದ ಹಂಚಿಕೆ ಹಕ್ಕು ಶಾಶ್ವತವಾಗಿ ಫಾಕ್ಸ್ ಹತ್ರಾನೇ ಇತ್ತು.
ಅದಕ್ಕೇ 2015ರ ಡಿಜಿಟಲ್ ಪ್ರತಿಗಳಲ್ಲಿ ಅದೊಂದಕ್ಕೇ ಆ ಡ್ರಮ್ಮು, ಉಳಿದ ಐದಕ್ಕೆ ಕತ್ತರಿ!
2019ರಲ್ಲಿ ಫಾಕ್ಸನ್ನೂ ಡಿಸ್ನಿಯೇ ನುಂಗಿತು. ಡಿಸ್ನಿ ಪ್ಲಸ್‌ನಲ್ಲಿ ಆರಕ್ಕೂ ವಾಪಸ್ ಬಂತು.

ಫ್ಯಾನ್ಸ್ ಗೋಳಾಡಿದ್ದು ಸುಮ್ನೆ ಅಲ್ಲ ಕಣ್ರೀ.
ಫ್ಯಾನ್‌ಫೇರೂ ಬಿ ಫ್ಲಾಟ್, ಜಾನ್ ವಿಲಿಯಮ್ಸ್ ಮಾಡಿದ ಸ್ಟಾರ್ ವಾರ್ಸ್ ಥೀಮೂ ಬಿ ಫ್ಲಾಟ್. ಒಂದೇ ಶ್ರುತಿ.
ಮೊದಲನೇದು ತೆಗೆದ್ರೆ ಎರಡನೇದು ದಿಢೀರ್ ಅಂತ ಬಂದು ಬೀಳುತ್ತೆ.