ಅಣ್ಣನೂ ಅಲ್ಲ ತಮ್ಮನೂ ಅಲ್ಲ: ಐದನೇ ಹೆನ್ರಿ ಆಡಿಯೋ ನಾಟಕ, ಮೂರನೇ ವಾರ

ಕೊನೆಗೂ ಸಿಕ್ತು! ಮೂರು ವಾರದಿಂದ ಒಂದೇ ಒಂದು ಪದ ತಲೆ ತಿಂತಿತ್ತು, ನಿನ್ನೆ ರಾತ್ರಿ ಬಗೆಹರೀತು.

ಷೇಕ್ಸ್‌ಪಿಯರ್‌ನ ಐದನೇ ಹೆನ್ರಿ ನಾಟಕನ ಕನ್ನಡಕ್ಕೆ ತಂದು, ಓದಿ ರೆಕಾರ್ಡ್ ಮಾಡ್ತಿದೀನಿ, ಅದರ ನಾಲ್ಕನೇ ಅಂಕ ಮೂರನೇ ದೃಶ್ಯ. 1415ರ ಅಕ್ಟೋಬರ್ 25, ಸಂತ ಕ್ರಿಸ್ಪಿನ್ ಹಬ್ಬ, ಫ್ರಾನ್ಸಿನ ಅಜಿನ್‌ಕೋರ್ಟ್ ಬಯಲು, ರಾಜ ಹೆನ್ರಿಯ ಸಣ್ಣ ಇಂಗ್ಲಿಷ್ ಸೈನ್ಯ ಫ್ರೆಂಚರ ದೊಡ್ಡ ಸೈನ್ಯದ ಎದುರು. ಇಂಗ್ಲೆಂಡಲ್ಲಿ ಸುಮ್ನೆ ಕೂತಿರೋರಲ್ಲಿ ಇನ್ನೊಂದು ಹತ್ತು ಸಾವಿರ ಜನ ಇಲ್ಲಿದ್ದಿದ್ರೆ ಅಂತ ಅವನ ಕಡೆಯ ಸರದಾರ ವೆಸ್ಟ್‌ಮೋರ್‌ಲ್ಯಾಂಡ್ ಕೊರಗ್ತಾನೆ, ಒಬ್ಬನೂ ಜಾಸ್ತಿ ಬೇಡ ಅಂತ ರಾಜ ಶುರು ಹಚ್ಕೋತಾನಲ್ಲ, ಅದೇ ಭಾಷಣ. ಮೈಕು, ಗೇನು (ಮೈಕಿನ ದನಿ ಎಷ್ಟು ಎತ್ತಬೇಕು ಅನ್ನೋದು), ನಾಯ್ಸ್ ತೆಗೆಯೋದು ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ. ಗೋಡೆಗೆ ಹಚ್ಚಿ ಪ್ರತಿಧ್ವನಿ ತಗ್ಗಿಸೋ ಫೋಮ್ ಕಳಿಸಿದೋನ ಬಗ್ಗೆ ಮಾತ್ರ ಹೇಳ್ಲೇಬೇಕು, ಅಕೌಸ್ಟಿಕ್ ಫೋಮ್ ಅಂತ ದುಡ್ಡು ಇಸ್ಕೊಂಡು ಪ್ಯಾಕಿಂಗ್ ಸ್ಪಂಜ್ ಕಳ್ಸಿದಾನೆ, ವಾಪಸ್ಸೂ ತಗೊಳಲ್ವಂತೆ. ಈಗ ಎರಡು ಕಂಬಳಿ ನೇತುಹಾಕಿ ಒಳಗೆ ಕೂತು ಓದ್ತಿದೀನಿ, ಸೌಂಡ್ ಸೂಪರ್.

ತೊಂದರೆ ಏನಪ್ಪಾ ಅಂದ್ರೆ 'ಬ್ರದರ್'. ಇವತ್ತು ನನ್ನ ಜೊತೆ ರಕ್ತ ಸುರಿಸೋನು ನನ್ನ ಬ್ರದರ್ ಅಂತಾನೆ ರಾಜ. ಕನ್ನಡದಲ್ಲಿ ಬಾಯಿ ಬಿಟ್ರೆ ಅಣ್ಣನೋ ತಮ್ಮನೋ ಹೇಳ್ಬೇಕು. 'ತಮ್ಮ' ಅಂದ್ರೆ ರಾಜ ಮೇಲೆ, ಬಿಲ್ಲುಗಾರ ಕೆಳಗೆ, ಭಾಷಣದ ಜೀವವೇ ಹೋಯ್ತು. 'ಅಣ್ಣ' ಅಂದ್ರೆ ಯಾರನ್ನೋ ಓಲೈಸ್ತಿರೋ ಹಾಗೆ. 'ಸಹೋದರ' ಹಾಕಿದ್ರೆ ಮೈಕ್ ಮುಂದೆ ಮುಖ್ಯ ಅತಿಥಿ ನಿಂತಂಗೆ. ಸಾಲದ್ದಕ್ಕೆ ಅವನ ಸ್ವಂತ ತಮ್ಮಂದಿರೇ, ಬೆಡ್‌ಫರ್ಡ್ ಮತ್ತು ಗ್ಲೌಸ್ಟರ್, ರಂಗದ ಮೇಲೆ ನಿಂತು ಕೇಳಿಸ್ಕೋತಿರ್ತಾರೆ!

ನಿನ್ನೆ ಚಿಕ್ಕಮ್ಮ ಫೋನಲ್ಲಿ ಜಮೀನಿನ ಪಾಲಿನ ಜಗಳ ಹೇಳ್ತಾ "ಒಡಹುಟ್ಟಿದೋನಾಗಿ ಹಿಂಗಾ ಮಾಡೋದು" ಅಂದ್ರು. ಫೋನ್ ಇಟ್ಟಿದ್ದೇ ಕಂಬಳಿ ಒಳಗೆ ಓಡಿದೆ. ಯಾಕಂದ್ರೆ ಮುಂದಿನ ಸಾಲಲ್ಲೇ, ಅವನು ಎಷ್ಟೇ ಕೀಳಾಗಿರ್ಲಿ ಈ ದಿನ ಅವನನ್ನ ಕುಲೀನ ಮಾಡುತ್ತೆ ಅಂತ ಬರುತ್ತೆ. ಹೀಗಾಯ್ತು:

"ನನ್ನೊಡನೆ ನೆತ್ತರು ಸುರಿಸೋನು ಇವತ್ತು ನನ್ನ ಒಡಹುಟ್ಟು, ಎಷ್ಟೇ ಕೀಳು ಹುಟ್ಟಿನೋನಾಗ್ಲಿ, ಈ ದಿನ ಅವನ ಹುಟ್ಟನ್ನೇ ಮೇಲೆತ್ತುತ್ತೆ."

ಒಡನೆ, ಒಡಹುಟ್ಟು, ಹುಟ್ಟು, ಒಂದನ್ನೊಂದು ಎಳ್ಕೊಂಡು ಬಂದ್ವು, ನಾನೇನೂ ಜೋಡಿಸ್ಲಿಲ್ಲ. ದೊಡ್ಡೋನು ಚಿಕ್ಕೋನು ಅನ್ನೋ ಪ್ರಶ್ನೆನೇ ಇಲ್ಲ. ಓದ್ತಾ ನನಗೇ ಗಂಟಲು ಕಟ್ತು.

ಮುಂದೆ ಮೂರನೇ ರಿಚರ್ಡ್ ಮಾಡ್ಬೇಕು ಅಂತಿದೀನಿ, 1485ರ ಬಾಸ್ವರ್ತ್ ಯುದ್ಧ. ಅಲ್ಲಿ ಎರಡೂ ಕಡೆಯವ್ರೂ ಭಾಷಣ ಮಾಡ್ತಾರೆ, ರಾಜ ರಿಚರ್ಡ್‌ಗೆ ಎದುರು ನಿಂತ ರಿಚ್‌ಮಂಡ್ ದೇವರು, ನ್ಯಾಯ ಅಂತಾನೆ, ರಿಚರ್ಡ್ ಎದುರಾಳಿಗಳನ್ನ ಅಲೆಮಾರಿಗಳು ಪುಂಡರು ಅಂತ ಬಯ್ಯೋದ್ರಲ್ಲೇ ಬಹುಪಾಲು ಮುಗಿಸ್ತಾನೆ. ಒಬ್ಬನ್ನ ಎಡಗಿವಿಗೆ ಇನ್ನೊಬ್ಬನ್ನ ಬಲಗಿವಿಗೆ ಹಾಕಿದ್ರೆ ಹೆಂಗಿರುತ್ತೆ ಯೋಚ್ನೆ ಮಾಡಿ!

ಅದಕ್ಕೂ ಮೊದ್ಲು ಐದನೇ ಹೆನ್ರಿಯ ಇದೇ ನಾಲ್ಕನೇ ಅಂಕದ ಎಂಟನೇ ದೃಶ್ಯ ಬಾಕಿ ಇದೆ. ಯುದ್ಧ ಮುಗಿದ ಮೇಲೆ ರಾಜ ತನ್ನ ಕಡೆ ಸತ್ತೋರ ಪಟ್ಟಿ ಓದ್ತಾನೆ. ಯಾರ್ಕ್‌ನ ಡ್ಯೂಕ್, ಸಫೋಕ್‌ನ ಅರ್ಲ್, ಸರ್ ರಿಚರ್ಡ್ ಕೆಟ್ಲಿ, ಡೇವಿ ಗ್ಯಾಮ್. ಹೆಸರಿರೋರು ಇಷ್ಟೇ, ಉಳಿದೋರು ಇಪ್ಪತ್ತೈದು ಜನ ಅಂತಾನೆ. ಬೆಳಿಗ್ಗೆ ಒಡಹುಟ್ಟು ಅಂದ ಅದೇ ಬಾಯಲ್ಲಿ. ಅದಕ್ಕೆ ಸದ್ಯ ಒಂದೇ ಟೇಕ್ ಇದೆ. "ಇಪ್ಪತ್ತೈದು ಜನ" ಆದ್ಮೇಲೆ ಎರಡು ಸೆಕೆಂಡ್ ಬರೀ ಉಸಿರು ಕೇಳ್ಸುತ್ತೆ, ಅದನ್ನ ಕಟ್ ಮಾಡಿಲ್ಲ.